ಬರಕ್ಕೂ ನೆರೆಗೂ ಒಂದೇ ಹೊಳೆ

ಹಾವೇರಿ ಜಿಲ್ಲೆಯ ಹೊಸರಿತ್ತಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು 1943ರ ಏಪ್ರಿಲ್ 1. ಭೂಕಂದಾಯ ವಸೂಲಿಯ ಕೇಂದ್ರದ ಮೇಲೆ ದಾಳಿಯಿಟ್ಟ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಆ ದಿನ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಸ್ವಾತಂತ್ರ್ಯ ಹೋರಾಟದ ಇನ್ನೊಬ್ಬ ಹಿರಿಯ ಗುದ್ಲೆಪ್ಪ ಹಳ್ಳಿಕೇರಿಯವರ ಊರೂ ಇದೇ. ಇಷ್ಟು ದೊಡ್ಡ ಹೆಸರುಗಳ ನೆರಳಿನಲ್ಲಿ ಊರಿನ ಇನ್ನೊಂದು ದೊಡ್ಡ ಸಂಗತಿ ಮರೆಯಾಗುತ್ತದೆ. ಹೊಸರಿತ್ತಿ ಹೊಳೆಸಾಲಿನ ಊರು. ವರದಾ ನದಿಯ ದಂಡೆಯಲ್ಲಿದ್ದು, ಅದರ ನೀರನ್ನೇ ನಂಬಿ ಬಾಳುತ್ತಿರುವ ಹತ್ತಾರು ಊರುಗಳಲ್ಲಿ ಅದೂ ಒಂದು. ಈ ಹೊಳೆ ಒಂದು ವರ್ಷ ಹೊಲಮನೆಗಳಿಗೆ ನುಗ್ಗುತ್ತದೆ, ಇನ್ನೊಂದು ವರ್ಷ ಕುಡಿಯುವ ನೀರಿಗೂ ಗತಿಯಿಲ್ಲದಂತೆ ಬತ್ತುತ್ತದೆ. ನೆರೆಗೆ ಒಂದು ಯೋಜನೆ, ಬರಕ್ಕೆ ಇನ್ನೊಂದು ಯೋಜನೆ ಎಂದು ನಾವು ಇವೆರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತ ಬಂದಿದ್ದೇವೆ. ಈ ಮಾತುಕತೆಯ ವಾದ ಇಷ್ಟೇ: ಎರಡಕ್ಕೂ ಮೂಲ ಒಂದೇ. ಬಿದ್ದ ಮಳೆ ತಂಗುವ ತಾಣಗಳನ್ನು ನಾವು ಒಂದೊಂದಾಗಿ ಕಳೆದುಕೊಂಡಿದ್ದೇವೆ. ಅವನ್ನು ಮರಳಿ ಕಟ್ಟಿಕೊಳ್ಳದೆ ಎಷ್ಟು ದೊಡ್ಡ ಅಣೆಕಟ್ಟು ಕಟ್ಟಿದರೂ, ಎಷ್ಟು ದೂರದಿಂದ ನೀರು ತಂದರೂ ವರದೆಯ ಕಷ್ಟ ತೀರುವುದಿಲ್ಲ.

ಮೊದಲು ಹೊಳೆಯ ದಾರಿಯನ್ನು ನೋಡೋಣ. ವರದೆ ಹುಟ್ಟುವುದು ಸಾಗರ ತಾಲ್ಲೂಕಿನ ಇಕ್ಕೇರಿಯ ಹತ್ತಿರ, ವರದಾಮೂಲದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ದೂರವೇನಲ್ಲ. ಆದರೂ ನೆಲದ ಇಳಿಜಾರು ಅದನ್ನು ಬಡಗು ಮೂಡಲ ಕಡೆಗೆ ತಿರುಗಿಸುತ್ತದೆ. ಸೊರಬದ ಕಾನುಗಳನ್ನೂ ಗದ್ದೆಬಯಲನ್ನೂ ಹಾದು, ಕದಂಬರ ಬನವಾಸಿಯನ್ನು ಬಳಸಿ ಹಾವೇರಿ ಜಿಲ್ಲೆಗೆ ಇಳಿಯುತ್ತದೆ. ಹಾನಗಲ್ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿಯನ್ನು ಸೇರಿಸಿಕೊಂಡು, ಸವಣೂರು ಮತ್ತು ಹಾವೇರಿ ತಾಲ್ಲೂಕುಗಳ ಎರೆಹೊಲಗಳ ನಡುವೆ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಒಟ್ಟು ಸುಮಾರು 220 ಕಿಲೋಮೀಟರಿನ ಪಯಣ. ಮುಂದೆ ತುಂಗಭದ್ರೆಯಾಗಿ, ಕೃಷ್ಣೆಯಾಗಿ ಆ ನೀರು ಬಂಗಾಳ ಕೊಲ್ಲಿಗೆ ಸೇರುತ್ತದೆ. ಈ ದಾರಿಯಲ್ಲೇ ಒಂದು ಮುಖ್ಯ ಸಂಗತಿ ಅಡಗಿದೆ. ವರದೆಯ ತಲೆ ಮಲೆನಾಡಿನಲ್ಲಿ, ಒಡಲು ಅರೆಮಲೆನಾಡಿನಲ್ಲಿ, ಕಾಲು ಬಯಲುಸೀಮೆಯಲ್ಲಿ. ಸಾಗರ, ಸೊರಬದ ಕಡೆ ಸುರಿಯುವ ಮಳೆಗೂ ಹೊಸರಿತ್ತಿಯ ಸುತ್ತ ಬೀಳುವ ಮಳೆಗೂ ಅಜಗಜಾಂತರ. ಹಾಗಾಗಿಯೇ ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಬರುತ್ತದೆ. ಮೋಡವೇ ಇಲ್ಲದ ದಿನ ಗೋವಿನಜೋಳದ ಹೊಲದಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತಿತೆಂದರೆ, ಅದು ಒಂದೆರಡು ದಿನದ ಹಿಂದೆ ಮೇಲಿನ ಸೀಮೆಯ ಗುಡ್ಡದ ಮೇಲೆ ಬಿದ್ದ ಮಳೆ. ನಮ್ಮ ಹೊಲದ ಗತಿ ಮೇಲಿನ ತಾಲ್ಲೂಕಿನ ನೆಲದ ಮೇಲೆ ನಿಂತಿದೆ. ಈ ಮಾತನ್ನು ಮರೆತು ಮಾಡಿದ ಯಾವ ಯೋಜನೆಯೂ ಹೊಳೆಗೆ ಹೊಂದುವುದಿಲ್ಲ.

ತೀರ ಈಚಿನ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರಾ ಒಟ್ಟಿಗೇ ಉಕ್ಕಿದವು. ಸೇತುವೆಗಳು ಮುಳುಗಿದವು, ಊರಿಂದೂರಿಗೆ ದಾರಿ ಕಡಿಯಿತು, ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು, ಮುಂಗಾರಿ ಬೆಳೆ ಹೊಲದಲ್ಲೇ ಕೊಳೆಯಿತು. ನಾಲ್ಕು ವರ್ಷ ಕಳೆಯುತ್ತಲೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. ಹಾವೇರಿ ಸೀಮೆಯೂ ಅದರಲ್ಲಿತ್ತು. ಮರುವರ್ಷದ ಬೇಸಿಗೆಗೆ ಹೊಳೆಯ ಪಾತ್ರದಲ್ಲಿ ಅಲ್ಲಲ್ಲಿ ಮಡುಗಳಷ್ಟೇ ಉಳಿದವು. ಇದನ್ನು ಬರೀ ಮಳೆರಾಯನ ಮುನಿಸು ಎಂದು ಬಿಡುವಂತಿಲ್ಲ. ಮಳೆಯಲ್ಲಿ ಏರುಪೇರು ಈ ಸೀಮೆಗೆ ಹೊಸದಲ್ಲ. ಹೊಸದೇನೆಂದರೆ, ಹೆಚ್ಚು ಮಳೆಯ ವರ್ಷದ ನೀರು ಕಡಿಮೆ ಮಳೆಯ ತಿಂಗಳಿಗೆ ಉಳಿಯದಿರುವುದು. ಮಳೆಗಾಲದ ಎರಡು ಎರಡೂವರೆ ತಿಂಗಳಲ್ಲಿ ಬಂದ ನೀರು ಅಷ್ಟೇ ಬೇಗ ಗಳಗನಾಥ ದಾಟಿ ಹೋಗುತ್ತದೆ. ಬೇಗ ಬರುವುದರಿಂದ ನೆರೆ, ಬೇಗ ಹೋಗುವುದರಿಂದ ಬರ. ನೀರಿನ ವೇಗವೇ ಎರಡೂ ಕಡೆ ಅಪರಾಧಿ.

ಇದು ನಮ್ಮೊಬ್ಬರ ಪಾಡಲ್ಲ ಎಂಬುದಕ್ಕೆ, ಭೂಮಿಯ ಇನ್ನೊಂದು ಮೂಲೆಯ ಸಿರಿವಂತ ನಗರವೊಂದು ಸಾಕ್ಷಿ. ಆಸ್ಟ್ರೇಲಿಯಾದ ಮೂಡಣ ಕರಾವಳಿಯಲ್ಲಿ ಬ್ರಿಸ್ಬೇನ್ ಎಂಬ ನಗರವಿದೆ. ಅದೇ ಹೆಸರಿನ ನದಿ, ಸುಮಾರು 344 ಕಿಲೋಮೀಟರ್ ಹರಿದು, ನಗರದ ನಡುವೆ ಹಾವಿನಂತೆ ಹೊರಳಿ ಮೋರ್ಟನ್ ಕೊಲ್ಲಿಯನ್ನು ಸೇರುತ್ತದೆ. 1893ರಲ್ಲಿ ಆ ನದಿ ನಗರದ ಅಳತೆಗೋಲಿನಲ್ಲಿ 8 ಮೀಟರ್ ದಾಟಿತ್ತು. 1974ರ ಜನವರಿಯಲ್ಲಿ ಮತ್ತೆ 5.45 ಮೀಟರಿಗೆ ಏರಿತು. ನೆರೆಯನ್ನೂ ಬರವನ್ನೂ ಎದುರಿಸಲೆಂದು ಅಲ್ಲಿಯ ಸರ್ಕಾರ ಮೇಲ್ಭಾಗದಲ್ಲಿ ವಿವೆನ್‌ಹೋ ಎಂಬ ಭಾರಿ ಅಣೆಕಟ್ಟನ್ನು ಕಟ್ಟಿ, 1980ರ ದಶಕದ ನಡುವೆ ಬಳಕೆಗೆ ತಂದಿತು. ಕುಡಿಯುವ ನೀರಿಗೆಂದೇ ಅದರಲ್ಲಿ ಸುಮಾರು 41 ಟಿಎಂಸಿ ಜಾಗ. ನೆರೆಯನ್ನು ತಡೆದಿಡಲು ಅದರ ಮೇಲೆ ಇನ್ನೂ ಹೆಚ್ಚಿನ ಜಾಗ. ಒಂದೇ ಕಟ್ಟೆ ಬರಕ್ಕೂ ಆಯಿತು, ನೆರೆಗೂ ಆಯಿತು ಎಂದು ಜನ ನಿಶ್ಚಿಂತರಾದರು. ನಿಶ್ಚಿಂತೆ ಬಂದಮೇಲೆ ಹೊಳೆಯ ತಗ್ಗಿನಲ್ಲಿ ಮನೆಗಳು ಎದ್ದವು. ಈ ಶತಮಾನದ ಮೊದಲ ದಶಕದಲ್ಲಿ ವರ್ಷಗಟ್ಟಲೆ ಬರ ಬಿದ್ದು, 2007ರ ಹೊತ್ತಿಗೆ ನಗರಕ್ಕೆ ನೀರುಣಿಸುವ ಜಲಾಶಯಗಳೆಲ್ಲ ಸೇರಿ ಆರನೆಯ ಒಂದು ಪಾಲಿನಷ್ಟಕ್ಕೆ ಇಳಿದವು. ನಾಲ್ಕೇ ವರ್ಷದ ತರುವಾಯ, 2011ರ ಜನವರಿಯಲ್ಲಿ, ಅದೇ ನದಿ 4.46 ಮೀಟರಿಗೆ ಏರಿ ಸಾವಿರಾರು ಮನೆಗಳನ್ನು ಹೊಕ್ಕಿತು. 2022ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಹಾಗೇ ಆಯಿತು.

ಅಣೆಕಟ್ಟು ಒಡೆಯಲಿಲ್ಲ. ಅದು ಇರದಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತೆಂಬುದೂ ದಿಟ. ಆದರೂ ನಗರ ಮುಳುಗಿದ್ದೇಕೆ? ಎರಡು ಕಾರಣ. ಒಂದು, ಆ ಕಟ್ಟೆಯ ಹಿಡಿತಕ್ಕೆ ಸಿಗುವುದು ಇಡೀ ಜಲಾನಯನದ ಸುಮಾರು ಅರ್ಧ ಮಾತ್ರ. ಲಾಕಿಯರ್ ಹಳ್ಳ, ಬ್ರೆಮರ್ ಹೊಳೆ ಕಟ್ಟೆಯ ಕೆಳಗೆ ಬಂದು ಸೇರುತ್ತವೆ. ಅವನ್ನು ಕಟ್ಟೆ ಏನೂ ಮಾಡಲಾರದು. ಎರಡನೆಯದು ಇನ್ನೂ ಗಹನವಾದದ್ದು. ಬರದ ದೃಷ್ಟಿಯಿಂದ ಜಲಾಶಯ ತುಂಬಿರಬೇಕು, ನೆರೆಯ ದೃಷ್ಟಿಯಿಂದ ಖಾಲಿಯಿರಬೇಕು. ಬರದಲ್ಲಿ ಬೆಂದ ಜನ ಒಂದು ಹನಿ ಬಿಡಲೂ ಒಪ್ಪುವುದಿಲ್ಲ. ಮುಳುಗಿದ ಜನ ಏಕೆ ಮೊದಲೇ ಬಿಡಲಿಲ್ಲ ಎಂದು ಕೇಳುತ್ತಾರೆ. ಗೇಟು ಎತ್ತುವ ಎಂಜಿನಿಯರ್ ಇಬ್ಬರ ನಡುವೆ ಸಿಕ್ಕಿಬೀಳುತ್ತಾನೆ. 2011ರ ನೆರೆಯ ಮೇಲೆ ಅಲ್ಲಿ ವಿಚಾರಣಾ ಆಯೋಗ ಕೂತಿತು, ನೀರು ಬಿಟ್ಟ ಬಗೆಯ ಬಗ್ಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದ ನಡೆಯಿತು. ನಮ್ಮ ಹತ್ತಿರದ ಉದಾಹರಣೆಯೂ ಇದೆ. ವರದೆಯ ನೀರು ಕೊನೆಗೆ ಹೋಗಿ ನಿಲ್ಲುವ ತುಂಗಭದ್ರಾ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ನೋಡನೋಡುತ್ತ ಬರಿದಾಗತೊಡಗಿತು. ಮೂರು ರಾಜ್ಯಗಳ ಬೆಳೆ ಒಂದು ಸರಪಳಿಯ ಮೇಲೆ ನಿಂತಿತ್ತು. ಅಣೆಕಟ್ಟು ಬೇಡವೆಂಬುದು ಇದರ ಪಾಠವಲ್ಲ. ಒಂದೇ ಕಟ್ಟೋಣದ ಮೇಲೆ ಎಲ್ಲ ಭಾರ ಹೇರಿ ನಿದ್ದೆ ಹೋಗಬಾರದು, ಅಷ್ಟೆ.

ಹಾಗಾದರೆ ನೀರು ತಂಗಬೇಕಾದ ತಾಣಗಳು ಯಾವುವು? ಮೊದಲನೆಯದು ಕೆರೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹಾವೇರಿ ಜಿಲ್ಲೆಯ ವಿಸ್ತಾರ 4,823 ಚದರ ಕಿಲೋಮೀಟರ್. ವರ್ಷದ ಮಳೆಯನ್ನು ಸರಾಸರಿ 750 ಮಿಲಿಮೀಟರ್ ಎಂದಿಟ್ಟುಕೊಂಡರೆ, ಜಿಲ್ಲೆಯ ನೆಲದ ಮೇಲೆ ಒಂದು ವರ್ಷಕ್ಕೆ ಬೀಳುವ ನೀರು ಸುಮಾರು 128 ಟಿಎಂಸಿ. ಮಲೆನಾಡಿನಿಂದ ಹೊಳೆಯಲ್ಲಿ ಬರುವ ನೀರು ಇದರ ಹೊರಗಿನದು. ಈ ಮಳೆಯಲ್ಲಿ ಬಹುಪಾಲು ಬೆಳೆಗೆ, ಮಣ್ಣಿಗೆ, ಬಿಸಿಲಿಗೆ ಹೋಗುತ್ತದೆ, ಹೋಗಲೇಬೇಕು. ಹದಿನೈದನೆಯ ಒಂದು ಪಾಲನ್ನು ಹೆಚ್ಚುವರಿಯಾಗಿ ಹಿಡಿದರೂ ಎಂಟೂವರೆ ಟಿಎಂಸಿ ಆಯಿತು. ಹಿಡಿಯಲು ಜಾಗ ಎಲ್ಲಿ? 20 ಹೆಕ್ಟೇರ್ ಹರವಿನ, ಸರಾಸರಿ ಎರಡು ಮೀಟರ್ ಆಳದ ಒಂದು ಕೆರೆಯಲ್ಲಿ ನಾಲ್ಕು ಲಕ್ಷ ಘನ ಮೀಟರ್ ನೀರು ನಿಲ್ಲುತ್ತದೆ. ಅಂಥ 70 ಕೆರೆ ಸೇರಿದರೆ ಒಂದು ಟಿಎಂಸಿ. ಅದೇ ಕೆರೆಯಲ್ಲಿ ಒಂದು ಮೀಟರ್ ಹೂಳು ತುಂಬಿದರೆ ಅರ್ಧ ನೀರು ಹೋಯಿತು. ಹೂಳು ತೆಗೆದರೆ ಆ ಅರ್ಧ ಮರಳಿ ಬರುತ್ತದೆ. ಹಾನಗಲ್ಲಿನಂಥ ತಾಲ್ಲೂಕು ಕೆರೆಗಳಿಗೆ ಹೆಸರಾದದ್ದು. ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಮದಗ ಮಾಸೂರಿನಂಥ ಕೆರೆ ಕಟ್ಟಿದ ನಾಡು ಇದು. ಕೆರೆ ಕಟ್ಟುವ ವಿದ್ಯೆಯನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸಬೇಕು, ಕೋಡಿ ಸರಿಮಾಡಬೇಕು, ಹೂಳನ್ನು ಹೊಲಕ್ಕೆ ಹೊಡೆಯಬೇಕು. ಮೇಲಿನ ಸೀಮೆಯಲ್ಲಿ ಗದ್ದೆಬಯಲೂ ಕಾನೂ ಇದೇ ಕೆಲಸ ಮಾಡುತ್ತವೆ. ಬದುವಿನ ಮಟ್ಟಕ್ಕೆ ನೀರು ನಿಲ್ಲಿಸಿಕೊಳ್ಳುವ ಭತ್ತದ ಗದ್ದೆ ಶುಂಠಿಯ ಏರಿಯಾಗಿ ಬದಲಾದಾಗ, ನೀರು ನಿಲ್ಲದಂತೆ ಬಸಿಗಾಲುವೆ ತೋಡುತ್ತಾರೆ. ಅಲ್ಲಿ ಬಸಿದದ್ದು ಇಲ್ಲಿ ಹೊಲಕ್ಕೆ ನುಗ್ಗುತ್ತದೆ.

ಎರಡನೆಯ ತಾಣ ಹೊಳೆಯ ಮರಳು. ಮರಳನ್ನು ನಾವು ಮನೆ ಕಟ್ಟುವ ಸಾಮಾನು ಎಂದಷ್ಟೇ ನೋಡುತ್ತೇವೆ. ಒಂದು ಘನ ಮೀಟರ್ ಮರಳಿನ ಕಣಗಳ ಸಂದಿಯಲ್ಲಿ ಸುಮಾರು 300 ಲೀಟರ್ ನೀರು ಅಡಗಿರುತ್ತದೆ. ಮೇಲಿನ ಪದರ ಒಣಗಿದ ಮೇಲೆ ಬಿಸಿಲು ಆ ನೀರನ್ನು ಅಷ್ಟಾಗಿ ಕುಡಿಯಲಾರದು. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಕಂಡರೂ ಹೆಣ್ಣುಮಕ್ಕಳು ಪಾತ್ರದಲ್ಲಿ ಮೊಣಕೈ ಆಳಕ್ಕೆ ಮರಳು ತೋಡಿ, ತಂಬಿಗೆಯಲ್ಲಿ ಮೊದಲ ರಾಡಿ ಹೊರಚೆಲ್ಲಿ, ತಿಳಿಯಾಗುವವರೆಗೆ ಕಾದು ಕೊಡ ತುಂಬಿಕೊಳ್ಳುತ್ತಿದ್ದ ಒರತೆಗಳು ಈ ಉಗ್ರಾಣದ ಬಾಗಿಲುಗಳು. ದಂಡೆಯ ಬಾವಿ, ಕೊಳವೆಬಾವಿಗಳಿಗೆ ನೀರು ಊರುವುದೂ ಅಲ್ಲಿಂದಲೇ. ಮರಳು ಬಗೆದು ಸಾಗಿಸಿದಂತೆ ಹೊಳೆಯ ತಳ ಇಳಿಯುತ್ತದೆ, ತಳ ಇಳಿದಂತೆ ದಂಡೆಯ ಬಾವಿಯ ನೀರು ಹೊಳೆಗೇ ಬಸಿದು ಹೋಗುತ್ತದೆ. ಕುಡಿಯುವ ನೀರಿನ ಜಾಕ್‌ವೆಲ್ ದಂಡೆಯಲ್ಲಿ ಎತ್ತರಕ್ಕೆ ನಿಂತು, ನೀರು ಅದರ ಬಾಯಿಗೆ ಎಟುಕದಂತಾಗುತ್ತದೆ. ಮಳೆಗಾಲದಲ್ಲಿ ಬಗೆದ ಗುಂಡಿಗಳು ಸುಳಿಯಾಗಿ ದಂಡೆಯನ್ನು ಕೊರೆಯುತ್ತವೆ. ಬರ, ನೆರೆ ಎರಡಕ್ಕೂ ಒಂದೇ ಮೂಲ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಮನೆ ಕಟ್ಟುವವರು ಏನು ಮಾಡಬೇಕು ಎಂದು ಕೇಳಬಹುದು. ಕಲ್ಲನ್ನು ಅರೆದು ಮಾಡಿದ ಎಂ-ಸ್ಯಾಂಡ್ ಈಗ ಎಲ್ಲೆಡೆ ಸಿಗುತ್ತದೆ. ಹೊಳೆ ಪ್ರತಿವರ್ಷ ಎಷ್ಟು ಮರಳು ಹೊಸದಾಗಿ ತಂದು ಹಾಕುತ್ತದೆಂದು ಅಳೆದು, ಅದಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿಗಳ ಆಶಯ. ಆ ಅಳತೆಯನ್ನು ಊರವರ ಎದುರಿಗೇ ಮಾಡಿ ಪಂಚಾಯಿತಿಯ ಗೋಡೆಗೆ ಬರೆದರೆ ಅರ್ಧ ಕಳವು ತಾನಾಗಿ ನಿಲ್ಲುತ್ತದೆ.

ಮೂರನೆಯದು ಬಾಂದಾರ. ಹೊಳೆಗೆ ಅಡ್ಡಲಾಗಿ ಕಾಂಕ್ರೀಟ್ ಕಂಬಗಳು, ಮೇಲೆ ಸೇತುವೆ, ಕಂಬಗಳಲ್ಲಿ ಕೊರೆದ ಜಾಡಿನಲ್ಲಿ ಒಂದರ ಮೇಲೊಂದು ಇಳಿಸುವ ಹಲಗೆ ಅಥವಾ ಗೇಟು. ಮಳೆಗಾಲ ಮುಗಿದು ಹರಿವು ತಗ್ಗಿದಾಗ ಹಲಗೆ ಹಾಕಬೇಕು, ಮುಂಗಾರು ಕಾಲಿಡುವ ಮೊದಲು ತೆಗೆಯಬೇಕು. ಈ ಎರಡು ದಿನಾಂಕಗಳ ಮೇಲೆ ಇಡೀ ಬಾಂದಾರದ ಬೆಲೆ ನಿಂತಿದೆ. ಹಲಗೆ ಹಾಕುವುದು ಹದಿನೈದು ದಿನ ತಡವಾದರೆ ಕೊನೆಯ ಹರಿವು ಕೈತಪ್ಪಿ ಬೇಸಿಗೆ ಬರಿದಾಗುತ್ತದೆ. ಸಂದಿಯ ರಬ್ಬರು ಹರಿದಿದ್ದರೆ ಕಟ್ಟಿದ ನೀರು ಹಗಲಿರುಳು ಸೋರುತ್ತದೆ. ತೆಗೆಯುವುದು ತಡವಾದರೆ ಇನ್ನೂ ಕೆಟ್ಟದ್ದು. ಮೊದಲ ನೆರೆ ತೇಲಿಸಿ ತರುವ ಮರದ ದಿಮ್ಮಿ, ಗೋವಿನಜೋಳದ ದಂಟು, ಜೇಕು, ಪ್ಲಾಸ್ಟಿಕ್ ಎಲ್ಲ ಕಣ್ಣುಗಳಿಗೆ ಅಂಟಿ ಗೋಡೆಯಾಗುತ್ತದೆ. ನೀರು ದಾರಿ ಕಾಣದೆ ಬಾಂದಾರದ ಬಗಲಿನ ಹೊಲವನ್ನು ಕೊರೆದುಕೊಂಡು ಹೋಗುತ್ತದೆ. ಬರಕ್ಕೆಂದು ಕಟ್ಟಿದ ಕಟ್ಟೋಣವೇ ನೆರೆಯ ಕಾರಣವಾಗುವುದು ಹೀಗೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಬೇಕಾದುದು ವರ್ಷ ತಪ್ಪದ ಕ್ರಮ, ಹಲಗೆಯ ಲೆಕ್ಕ ಇಡುವ ಒಬ್ಬ ಜವಾಬ್ದಾರ ಮನುಷ್ಯ, ಅವನಿಗೆ ಹೊತ್ತಿಗೆ ಸರಿಯಾಗಿ ಕೂಲಿ.

ಈಗ ಎದುರಾಗುವ ಮಾತುಗಳಿಗೆ ಬರೋಣ. ಇಂದು ಹಾವೇರಿ ಸೀಮೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಬರುವ ಬೇಡಿಕೆ ಬೇಡ್ತಿ-ವರದಾ ಜೋಡಣೆ. ಪಶ್ಚಿಮಕ್ಕೆ ಹರಿದು ಕಡಲು ಸೇರುವ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿದರೆ ನಮ್ಮ ಹೊಲ ಹಸಿರಾಗುತ್ತದೆ, ಕಡಲಿಗೆ ಸುಮ್ಮನೆ ಹೋಗುವ ನೀರಿಗೇಕೆ ಅಡ್ಡಿ ಎಂದು ರೈತರು ಕೇಳುತ್ತಾರೆ. ಬರದಲ್ಲಿ ಬೆಳೆ ಕಳೆದುಕೊಂಡವರ ಪ್ರಶ್ನೆ ಅದು. ಅದನ್ನು ಹಗುರವಾಗಿ ತಳ್ಳಿಹಾಕುವವರಿಗೆ ನೀರಿನ ಬೆಲೆ ಗೊತ್ತಿಲ್ಲ. ಆದರೆ ಬೇಡಿಕೆ ನ್ಯಾಯವಾದದ್ದು ಎಂದಮಾತ್ರಕ್ಕೆ ಪರಿಹಾರವೂ ಸರಿ ಎಂದಾಗುವುದಿಲ್ಲ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ಪ್ರಸ್ತಾವದಲ್ಲಿ ಬೇಡ್ತಿಯಿಂದ ತರಬೇಕೆಂದದ್ದು ಸುಮಾರು 8.5 ಟಿಎಂಸಿ. ಮುಖ್ಯವಾಗಿ ಕಣ್ಣಿಟ್ಟದ್ದು ಕೆಳಗಿನ ತುಂಗಭದ್ರಾ ಅಚ್ಚುಕಟ್ಟಿನ ಮೇಲೆ. ನಮ್ಮ ಹೊಳೆ ಆ ನೀರಿಗೆ ದಾರಿ. ಮುಂದಿನ ಪ್ರಸ್ತಾವಗಳಲ್ಲಿ ನಮ್ಮ ಪಾಲು ಹೆಚ್ಚಿದರೂ ಮೂಲ ಪ್ರಶ್ನೆ ಉಳಿಯುತ್ತದೆ. ಬೇಡ್ತಿಯಲ್ಲಿ ಹೆಚ್ಚುವರಿ ನೀರು ಇರುವುದು ಯಾವಾಗ? ಮಳೆಗಾಲದಲ್ಲಿ. ಆಗ ವರದೆಯೂ ತುಂಬಿ ಹರಿಯುತ್ತಿರುತ್ತದೆ. ತುಂಬಿದ ಹೊಳೆಗೆ ಇನ್ನಷ್ಟು ನೀರು ಸುರಿದರೆ 2019 ಮರುಕಳಿಸೀತು. ಬೇಸಿಗೆಗೆ ಬೇಕೆಂದರೆ ಎಲ್ಲೋ ಕೂಡಿಡಬೇಕು, ಎಂದರೆ ಘಟ್ಟದ ಕಾಡನ್ನು ಮುಳುಗಿಸಬೇಕು. ಮೇಲಾಗಿ ನೀರನ್ನು ಪಂಪಿನಿಂದ ಎತ್ತಬೇಕು, ವರ್ಷವರ್ಷವೂ ಕರೆಂಟಿನ ಬಿಲ್ಲು ಕಟ್ಟಬೇಕು. ಇತ್ತ ತಂದ ನೀರಿಗೂ ತಂಗಲು ಕೆರೆ ಬೇಕೇ ಬೇಕು. ಹೂಳು ತುಂಬಿದ ಕೆರೆಗೆ ಬೇಡ್ತಿಯ ನೀರಾದರೇನು, ವರದೆಯ ನೀರಾದರೇನು? ಆದ್ದರಿಂದ ಜೋಡಣೆಯನ್ನು ಬಯಸುವವರೂ ಮೊದಲು ಕೇಳಬೇಕಾದದ್ದು ಕೆರೆ, ಮರಳು, ಬಾಂದಾರಗಳ ದುರಸ್ತಿಯನ್ನೇ. ಅದು ಮುಗಿದ ಮೇಲೆ ಇನ್ನೆಷ್ಟು ಕೊರತೆ ಉಳಿಯಿತೆಂದು ಅಳೆದು ಮಾತಾಡಿದರೆ, ಆ ಮಾತಿಗೆ ಘಟ್ಟದವರೂ ಕಿವಿಗೊಡಬೇಕಾಗುತ್ತದೆ. ಕಡಲಿಗೆ ಹೋಗುವ ನೀರು ವ್ಯರ್ಥ ಎಂಬ ಮಾತೂ ಅರ್ಧಸತ್ಯ. ಬೇಡ್ತಿ ಗಂಗಾವಳಿಯೆಂಬ ಹೆಸರಿನಲ್ಲಿ ಕಡಲು ಸೇರುವ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಕೂಡುವಲ್ಲೇ ಮೀನು ಮರಿಮಾಡುತ್ತದೆ. ದಂಡೆಯ ಗದ್ದೆ, ಬಾವಿಗಳಿಗೆ ಉಪ್ಪು ಏರದಂತೆ ತಡೆಯುವುದೂ ಆ ಹರಿವೇ.

ಇನ್ನೊಂದು ಆಕ್ಷೇಪ ಹೊಳೆಸಾಲಿನ ರೈತರದ್ದು. ಹೊಳೆಗೆ ಜಾಗ ಬಿಡಿ ಎಂದರೆ ನಮ್ಮ ಎರೆಹೊಲ ಬಿಟ್ಟು ಎಲ್ಲಿಗೆ ಹೋಗೋಣ ಎಂದು ಅವರು ಕೇಳುತ್ತಾರೆ. ಹೊಲ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ನೆರೆಯ ತಗ್ಗಿನಲ್ಲಿ ಹೊಸ ಮನೆ, ಹೊಸ ಶಾಲೆ, ಹೊಸ ಆಸ್ಪತ್ರೆ ಕಟ್ಟುವ ರೂಢಿ. ನೆರೆ ಇಳಿದ ಮೇಲೆ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಹಿಂಗಾರಿ ಬೇಸಾಯ ಈ ಸೀಮೆಗೆ ಹಳೆಯದು. ದಂಡೆಯ ಅಂಚಿನ ಪಟ್ಟಿಯಲ್ಲಿ ಬಿದಿರು, ಹೊಂಗೆ, ನೇರಳೆ ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ. ಆ ಪಟ್ಟಿಯಲ್ಲಿ ಬೆಳೆ ಕಳೆದುಕೊಳ್ಳುವ ರೈತನಿಗೆ ಸರ್ಕಾರ ವರ್ಷವರ್ಷವೂ ಹಣ ಕೊಡಬೇಕು. ಅವನ ಹೊಲ ಊರಿನ ಪರವಾಗಿ ನೀರು ನುಂಗುತ್ತದೆ, ಆ ಸೇವೆಗೆ ಬೆಲೆಯಿದೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ 1995ರ ನೆರೆಗೆ ಹೆದರಿ ಎರಡೂವರೆ ಲಕ್ಷ ಜನರನ್ನು ಮನೆಯಿಂದ ಸ್ಥಳಾಂತರಿಸಬೇಕಾಯಿತು. ಏರಿಯನ್ನು ಇನ್ನೂ ಎತ್ತರಿಸುತ್ತ ಹೋಗುವ ಬದಲು, ಮೂವತ್ತಕ್ಕೂ ಹೆಚ್ಚು ಕಡೆ ನದಿಗೆ ಹರಡಿಕೊಳ್ಳಲು ಜಾಗ ಮಾಡಿಕೊಟ್ಟ ದೇಶ ಅದು. 2022ರ ನೆರೆಯ ನಂತರ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯವೂ ತೀರ ತಗ್ಗಿನ ನೂರಾರು ಮನೆಗಳನ್ನು ಮಾಲೀಕರ ಒಪ್ಪಿಗೆಯಿಂದ ತಾನೇ ಕೊಂಡು ಜಾಗವನ್ನು ಬಯಲಾಗಿ ಬಿಟ್ಟಿತು. ಬಲವಂತದಿಂದ ಎಬ್ಬಿಸುವುದು ಬೇರೆ, ಬೆಲೆ ಕೊಟ್ಟು ಒಪ್ಪಿಸುವುದು ಬೇರೆ.

ಸಿರಿವಂತ ದೇಶದ ಮಾತನ್ನು ಹೊಸರಿತ್ತಿಗೆ ಏಕೆ ಹೇಳುವುದು ಎಂಬ ಪ್ರಶ್ನೆಯೂ ಬರಬಹುದು. ಅಷ್ಟು ಹಣ, ಅಷ್ಟು ಯಂತ್ರ, ಅಷ್ಟು ಎಂಜಿನಿಯರುಗಳಿದ್ದೂ ಅವರ ದೊಡ್ಡ ಕಟ್ಟೆಯೊಂದೇ ಸಾಲಲಿಲ್ಲ ಎಂಬುದಕ್ಕಾಗಿಯೇ ಹೇಳಬೇಕು. ಕೈಯಲ್ಲಿ ಕಡಿಮೆ ಹಣವಿರುವವರು ಅವರ ಅನುಭವದಿಂದ ಮೊದಲೇ ಕಲಿಯುವುದು ಲೇಸು. ಇನ್ನೂ ಬಲವಾದ ಆಕ್ಷೇಪ ಬೇರೊಂದಿದೆ. ಮೇಲೆ ನಾವು ನೀರು ತಡೆದರೆ ಕೆಳಗಿನ ತುಂಗಭದ್ರಾ ಅಚ್ಚುಕಟ್ಟಿನ ರೈತರ ಪಾಲಿಗೆ ಕನ್ನ ಹಾಕಿದಂತಲ್ಲವೇ? ರಾಜ್ಯಗಳಿಗೆ ನದಿನೀರು ಹಂಚಿದ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಇದಕ್ಕೆ ಮಿತಿ ಹಾಕಿಲ್ಲವೇ? ಹೊಸ ದೊಡ್ಡ ಜಲಾಶಯ ಕಟ್ಟಿದರೆ ಈ ಪ್ರಶ್ನೆ ಸರಿಯೇ. ಹಳೆಯ ಕೆರೆಯ ಹೂಳೆತ್ತುವುದು ಹಳೆಯ ಹಕ್ಕನ್ನು ಮರಳಿ ಪಡೆಯುವುದೇ ಹೊರತು ಹೊಸ ಪಾಲು ಕೇಳುವುದಲ್ಲ. ಅಲ್ಲದೆ ಇದರಿಂದ ಕೆಳಗಿನವರಿಗೆ ನೇರ ಲಾಭವೂ ಇದೆ. ತುಂಗಭದ್ರಾ ಜಲಾಶಯ 1953ರಲ್ಲಿ ಬಳಕೆಗೆ ಬಂದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಉಳಿದದ್ದು ಸುಮಾರು 105. ಆ 28 ಟಿಎಂಸಿ ಜಾಗ ನುಂಗಿದ ಮಣ್ಣು ಎಲ್ಲಿಂದ ಬಂತು? ತುಂಗೆ, ಭದ್ರೆ, ವರದೆ, ಕುಮುದ್ವತಿಗಳ ದಂಡೆಯಿಂದ, ನಮ್ಮ ನಿಮ್ಮ ಹೊಲದಿಂದ. ಮಣ್ಣನ್ನು ಹೊಲದಲ್ಲೇ ಒಡ್ಡಿನಿಂದ, ಹಳ್ಳದಲ್ಲಿ ಚೆಕ್‌ಡ್ಯಾಮಿನಿಂದ, ಕೆರೆಯ ಒಡಲಿನಿಂದ ಹಿಡಿದರೆ ಹೊಸಪೇಟೆಯ ಬಳಿಯ ಆ ಜಲಾಶಯದ ಆಯುಷ್ಯವೂ ಹೆಚ್ಚುತ್ತದೆ. ಮೇಲಿನವರ ಹಿತ, ಕೆಳಗಿನವರ ಹಿತ ಇಲ್ಲಿ ಒಂದೇ ದಾರಿಯಲ್ಲಿವೆ.

ಕೊನೆಯದಾಗಿ, ಇದನ್ನೆಲ್ಲ ಮಾಡುವವರು ಯಾರು? ಇಂದು ವರದೆ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಬಾಂದಾರ ಸಣ್ಣ ನೀರಾವರಿ ಇಲಾಖೆಯದು, ಮರಳು ಗಣಿ ಇಲಾಖೆಯದು, ಸೇತುವೆ ಲೋಕೋಪಯೋಗಿಯದು, ಕೆರೆ ಕೆಲವು ಪಂಚಾಯಿತಿಯದು ಕೆಲವು ಇನ್ನೊಬ್ಬರದು, ಕುಡಿಯುವ ನೀರು ಮತ್ತೊಬ್ಬರದು, ನೆರೆ ಬಂದ ದಿನ ಮಾತ್ರ ಎಲ್ಲವೂ ಕಂದಾಯ ಇಲಾಖೆಯದು. ಸೊರಬದಲ್ಲಿ ಕಾನು ಕಡಿದರೆ ಹೊಸರಿತ್ತಿಯಲ್ಲಿ ಕೇಳುವವರಿಲ್ಲ. ಹೊಸರಿತ್ತಿಯಲ್ಲಿ ಹೊಲ ಮುಳುಗಿದರೆ ಸೊರಬದಲ್ಲಿ ಹೇಳುವವರಿಲ್ಲ. ಆಸ್ಟ್ರೇಲಿಯಾದ ಇನ್ನೊಂದು ಕರಾವಳಿ ನಗರ ಮೆಲ್ಬರ್ನ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಅದರ ನಡುವೆ ಹರಿಯುವ ಯಾರ್ರಾ ನದಿಗೆ ವಿಕ್ಟೋರಿಯಾ ರಾಜ್ಯದ ಶಾಸನಸಭೆ 2017ರಲ್ಲಿ ಒಂದು ಕಾಯಿದೆ ಮಾಡಿತು. ನದಿಯನ್ನೂ ಅದರ ದಂಡೆಯ ನೆಲವನ್ನೂ ಒಂದೇ ಜೀವಂತ ಘಟಕವೆಂದು ಆ ಕಾಯಿದೆ ಸಾರಿತು. ನದಿಯ ಪರವಾಗಿ ಮಾತಾಡಲು ಬಿರರಂಗ್ ಮಂಡಳಿಯನ್ನು ನೇಮಿಸಿ, ಆ ನೆಲದ ಮೂಲನಿವಾಸಿ ಹಿರಿಯರಿಗೆ ಅದರಲ್ಲಿ ಸ್ಥಾನ ಕೊಟ್ಟಿತು. ಕಾಯಿದೆಯೊಂದರಿಂದ ನದಿ ಉದ್ಧಾರವಾಗುವುದಿಲ್ಲ. ಆದರೆ ತಲೆಯಿಂದ ಕಾಲಿನವರೆಗೆ ಹೊಳೆಯನ್ನು ಒಂದೇ ಎಂದು ನೋಡುವ ಒಂದು ಕಣ್ಣಾದರೂ ಅಲ್ಲಿದೆ. ವರದೆಗೂ ಅಂಥದ್ದು ಬೇಕು. ಸಾಗರ, ಸೊರಬ, ಶಿರಸಿ, ಹಾನಗಲ್, ಸವಣೂರು, ಹಾವೇರಿ ತಾಲ್ಲೂಕುಗಳ ಹೊಳೆಸಾಲಿನ ಪಂಚಾಯಿತಿಗಳು, ರೈತರು, ಮೀನುಗಾರರು, ಇಲಾಖೆಗಳ ಎಂಜಿನಿಯರುಗಳು ಒಟ್ಟಿಗೆ ಕೂರುವ ಒಂದು ವರದಾ ಕೊಳ್ಳ ಮಂಡಳಿ. ಮೇಲೆ ಎಷ್ಟು ಮಳೆಯಾಯಿತು, ಹೊಳೆ ಎಷ್ಟು ಏರಿತು ಎಂಬ ಸುದ್ದಿ ವರದಾಮೂಲದಿಂದ ಗಳಗನಾಥದವರೆಗೆ ಗಂಟೆಗಂಟೆಗೆ ಮುಟ್ಟುವ ಏರ್ಪಾಡು ಅದರ ಮೊದಲ ಕೆಲಸವಾಗಲಿ. ಮೇಲಿನ ನೆರೆ ಕೆಳಗಿನ ಊರುಗಳನ್ನು ಮುಟ್ಟುವುದರೊಳಗೆ ದನಕರುಗಳನ್ನು ಬಿಚ್ಚಿ ಎತ್ತರಕ್ಕೆ ಹೊಡೆಯಲು, ಪಂಪ್‌ಸೆಟ್ ಮೇಲೆತ್ತಲು ಬೇಕಾದಷ್ಟು ಸಮಯವಿದೆ.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆಗಳನ್ನು ಬದಲಿಸಿಕೊಳ್ಳೋಣ. ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರಿಗೆ, ಎಲ್ಲಿಂದ ನೀರು ತರುತ್ತೀರಿ ಎನ್ನುವ ಮೊದಲು, ನಮ್ಮ ತಾಲ್ಲೂಕಿನ ಎಷ್ಟು ಕೆರೆಗಳ ಹೂಳು ತೆಗೆಸಿದಿರಿ ಎಂದು ಕೇಳೋಣ. ಗ್ರಾಮಸಭೆಯಲ್ಲಿ ಬಾಂದಾರದ ಹಲಗೆ ಹಾಕಿದ ದಿನ, ತೆಗೆದ ದಿನ ಎರಡನ್ನೂ ಠರಾವಿನಲ್ಲಿ ಬರೆಸೋಣ. ಮರಳಿನ ಲಾರಿ ಹೋದಾಗ ಅದರಲ್ಲಿ ನಮ್ಮ ಬಾವಿಯ ನೀರೂ ಹೋಗುತ್ತಿದೆ ಎಂದು ತಿಳಿಯೋಣ. ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ಶಂಕುಸ್ಥಾಪನೆಯ ಕಲ್ಲಿಗೂ ಉದ್ಘಾಟನೆಯ ಪೆಂಡಾಲಿಗೂ ಇವು ಒದಗುವುದಿಲ್ಲ. ಆದರೆ 128 ಟಿಎಂಸಿ ಮಳೆ ಬೀಳುವ ಜಿಲ್ಲೆ ನೀರಿಲ್ಲವೆಂದು ಕೊರಗುವುದಾದರೆ, ಕೊರತೆ ಮಳೆಯದಲ್ಲ, ನಮ್ಮ ನಿಗಾದ್ದು. ನಿಗಾ ನಮ್ಮ ಕೈಯಲ್ಲೇ ಇದೆ, ಅದಕ್ಕೆ ಇನ್ನೊಂದು ನದಿಯ ಅಪ್ಪಣೆ ಬೇಕಾಗಿಲ್ಲ.